ಚಿತ್ರಶಾಲೆಯ ಬಾಗಿಲು: ದಾನವೋ, ಋಣವೋ?

ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬುದು ಲೋಕರೂಢಿಯ ತಿಳಿವಳಿಕೆ. ಕೊಟ್ಟವನು ಕೊಟ್ಟುದನ್ನು ಮರೆಯಬೇಕು, ಪಡೆದವನು ಪಡೆದುದನ್ನು ನೆನೆಯಬೇಕು ಎಂದು ಹಿರಿಯರು ದಾನದ ನಿಯಮವನ್ನು ಹೇಳುತ್ತಾರೆ. ಋಣದ ನಿಯಮ ಇದಕ್ಕೆ ವಿರುದ್ಧವಾದುದು. ಅಲ್ಲಿ ಕೊಡುವವನೇ ಹಿಂದೆ ಪಡೆದವನು. ಆದುದರಿಂದ ನೆನಪಿಡಬೇಕಾದವನೂ ತಲೆ ಬಾಗಬೇಕಾದವನೂ ಅವನೇ. ಹೊರಗಿನಿಂದ ನೋಡುವವರಿಗೆ ಈ ಎರಡರ ಭೇದ ಕಾಣುವುದಿಲ್ಲ. ವಸ್ತುವೊಂದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ, ಅಷ್ಟೆ. ಆದರೆ ದಾನ ಪಡೆಯುವವನು ಪ್ರಶ್ನೆ ಕೇಳುವಂತಿಲ್ಲ. ಸಾಲ ಮರಳಿ ಪಡೆಯುವವನಿಗೆ ಲೆಕ್ಕ ಕೇಳುವ ಅಧಿಕಾರವಿದೆ. ಒಂದೇ ಕ್ರಿಯೆಯನ್ನು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದರ ಮೇಲೆ ಎದುರಿಗಿರುವ ಮನುಷ್ಯನ ಘನತೆ ನಿಂತಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಭೇದವನ್ನು ಪರೀಕ್ಷಿಸಲು ಇಂದಿನ ಕಲಾಲೋಕದಲ್ಲಿ ಒಂದು ಒಳ್ಳೆಯ ಸಂದರ್ಭ ದೊರೆಯುತ್ತದೆ. ಕಲಾವಿದರು ತಾವೇ ಕಟ್ಟಿ, ತಾವೇ ನಡೆಸುವ ಚಿತ್ರಶಾಲೆಗಳು ಕರ್ನಾಟಕದಲ್ಲಿ ಹಲವು ಬಗೆಯಲ್ಲಿ ಹುಟ್ಟಿಕೊಂಡಿವೆ. ಕಲಾವಿದರೂ ಕಲಾ ಇತಿಹಾಸಕಾರರೂ ಆದ ಸುರೇಶ್ ಜಯರಾಮ್ ಅವರು 2003ರಲ್ಲಿ ಬೆಂಗಳೂರಿನ ಶಾಂತಿನಗರದಲ್ಲಿ ಮನೆ, ಕಾರ್ಯಾಗಾರ, ಪ್ರದರ್ಶನದ ಕೋಣೆ ಮೂರೂ ಒಂದೇ ಸೂರಿನಡಿ ಸೇರುವ ಒಂದು ತಾಣವನ್ನು ಆರಂಭಿಸಿದರು. ರಸ್ತೆಯ ವಿಳಾಸವೇ ಅದರ ಹೆಸರು: ‘ಒಂದು, ಶಾಂತಿ ರಸ್ತೆ’. ಬಾದಾಮಿ ಮರವೊಂದನ್ನು ಉಳಿಸಿಕೊಂಡು ಕಟ್ಟಿದ ಆ ಮನೆಯಲ್ಲಿ ಹೊರನಾಡಿನ ಕಲಾವಿದರು ತಂಗುತ್ತಾರೆ. ಪ್ರದರ್ಶನ, ಉಪನ್ಯಾಸ, ಸಂವಾದಗಳು ನಡೆಯುತ್ತವೆ. ಅದಕ್ಕೂ ಹಿಂದೆ, 1960ರಲ್ಲಿ, ಕಲಾವಿದ ಪ್ರೊ. ಎಂ. ಎಸ್. ನಂಜುಂಡರಾವ್ ಅವರ ಮುಂದಾಳುತನದಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಇಂದು ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಸುಮಾರು ಎರಡು ದಶಕಗಳಿಂದ ಅದು ನಡೆಸುತ್ತ ಬಂದಿರುವ ‘ಚಿತ್ರಸಂತೆ’ಯ ದಿನ ಕುಮಾರಕೃಪಾ ರಸ್ತೆಯೇ ಚಿತ್ರಶಾಲೆಯಾಗುತ್ತದೆ. ಚಿತ್ರಶಾಲೆ ಕೇವಲ ಕೊಳ್ಳುವವರ ಅಂಗಡಿಯಾಗಬಾರದು, ಸುತ್ತಲಿನ ಜನರೂ ಅದರೊಳಗೆ ಬರಬೇಕು ಎಂಬ ಸದಾಶಯ ಇವೆಲ್ಲಕ್ಕೂ ಸಮಾನವಾದುದು. ಮಕ್ಕಳಿಗೆ ಚಿತ್ರ ಬರೆಯುವ ಶಿಬಿರ, ಕುಶಲಕರ್ಮಿಗಳ ಪ್ರಾತ್ಯಕ್ಷಿಕೆ, ಬೀದಿಯ ಜನರೊಂದಿಗೆ ಸಂವಾದ ಮುಂತಾದ ಸಮುದಾಯ ಕಾರ್ಯಕ್ರಮಗಳು ಈ ಆಶಯದಿಂದಲೇ ಮೂಡುತ್ತವೆ.

ಆಶಯ ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಂತಹ ಕಾರ್ಯಕ್ರಮಗಳ ಆಹ್ವಾನ ಪತ್ರಿಕೆಗಳಲ್ಲಿ ಒಂದು ಮಾತು ಮರಳಿ ಮರಳಿ ಬರುತ್ತದೆ: ‘ಕಲೆಯನ್ನು ಜನರ ಬಳಿಗೆ ಒಯ್ಯುವುದು.’ ಈ ಮಾತಿನೊಳಗೆ ಒಂದು ನಂಬಿಕೆ ಅಡಗಿದೆ. ಕಲೆ ಒಂದು ಕಡೆ ಇದೆ, ಜನ ಇನ್ನೊಂದು ಕಡೆ ಇದ್ದಾರೆ. ಇದ್ದವರು ಇಲ್ಲದವರಿಗೆ ಕೊಡುತ್ತಿದ್ದಾರೆ ಎಂಬುದೇ ಆ ನಂಬಿಕೆ. ಇದು ದಾನದ ಭಾಷೆ. ಈ ಭಾಷೆ ಸರಿಯೇ ಎಂಬುದನ್ನು ನಗರದ ನಡುವೆ ನಿಂತು ತೀರ್ಮಾನಿಸುವುದು ಕಷ್ಟ. ಚಿತ್ರದುರ್ಗ ಜಿಲ್ಲೆಯ ಉತ್ತರದ ಅಂಚಿನ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ನಾಳೆ ಒಬ್ಬ ತರುಣ ಕಲಾವಿದ ಇಂತಹ ಒಂದು ಚಿತ್ರಶಾಲೆಯನ್ನು ತೆರೆದು ಊರವರನ್ನು ಕರೆದರೆ, ಅವನು ಯಾರಿಗೆ ಏನನ್ನು ಕೊಡುತ್ತಾನೆ ಎಂಬುದನ್ನು ವಿಚಾರಿಸಿದರೆ ಪ್ರಶ್ನೆ ತಿಳಿಯಾಗುತ್ತದೆ.

ಮಳೆ ಕಡಿಮೆಯಾದ, ಬಂಡೆಗಳೇ ಹೆಚ್ಚಾದ ಈ ಸೀಮೆಯನ್ನು ಬಡ ಸೀಮೆಯೆಂದು ಕರೆಯುವುದು ವಾಡಿಕೆ. ಆದರೆ ಸಾರ್ವಜನಿಕವಾಗಿ ಕಾಣಲೆಂದು, ಕೇಳಲೆಂದು ಮಾಡಿದ ಕೃತಿಗಳ ವಿಷಯದಲ್ಲಿ ಇದು ಬಹು ಹಳೆಯ ಸಿರಿವಂತ ನೆಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಅವುಗಳ ಉಪದೇಶ. ಈ ಸಾಧನೆ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಸಾಧ್ಯ ಎಂಬ ಮಾತೂ ಅಲ್ಲಿದೆ. ರಾಜನ ಆಜ್ಞೆಯ ಕೊನೆಯಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ: ಇದನ್ನು ಬರೆದವನು ಚಪಡ ಎಂಬ ಹೆಸರು. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೆ, ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೆ ಕೆಲಸಗಾರನ ಹೆಸರು ಎರಡು ಸಾವಿರದ ಇನ್ನೂರು ವರ್ಷಗಳಿಂದ ಉಳಿದಿದೆ. ಕರ್ನಾಟಕದ ನೆಲದಲ್ಲಿ ತನ್ನ ಗುರುತು ಬಿಟ್ಟುಹೋದ ಅತಿ ಹಿಂದಿನ ಕೈಗಳಲ್ಲಿ ಅದೊಂದು.

ಅಂದಿನಿಂದ ಇಂದಿನವರೆಗೆ ಈ ಸೀಮೆಯ ಕೈಗಳು ಸುಮ್ಮನೆ ಕುಳಿತಿಲ್ಲ. ಚಳ್ಳಕೆರೆಯ ಸುತ್ತ ಕುರುಬರ ಮನೆಗಳಲ್ಲಿ ಕುರಿಯ ಉಣ್ಣೆಯನ್ನು ಹಿಂಜಿ, ನೂತು, ಹಾಸಿಗೆ ಹುಣಸೆಬೀಜದ ಗಂಜಿ ಬಳಿದು ಕರಿಯ ಕಂಬಳಿಗಳನ್ನು ನೇಯುತ್ತ ಬಂದಿದ್ದಾರೆ. ಮೊಳಕಾಲ್ಮೂರಿನ ನೇಕಾರರು ಒಡಲಿಗೊಂದು, ಅಂಚುಗಳಿಗೆ ಬೇರೆಯವು ಎಂದು ಲಾಳಿಗಳನ್ನು ಬದಲಿಸುತ್ತ, ಎರಡು ಬಣ್ಣಗಳು ಒಂದನ್ನೊಂದು ಕದಡದಂತೆ ರೇಷ್ಮೆ ಸೀರೆ ನೇಯುತ್ತಾರೆ. ಆ ಸೀರೆಗೆ ಊರಿನ ಹೆಸರಿನಲ್ಲಿಯೇ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಬಲ್ಲವರಾಗಿರಲಿಲ್ಲ. ಆದರೆ ಅವರ ನೆನಪಿನಲ್ಲಿದ್ದ ಪದಗಳ ಸಂಪತ್ತು ವಿದ್ವಾಂಸ ಕೃಷ್ಣಮೂರ್ತಿ ಹನೂರರಂಥವರನ್ನು ವರ್ಷಗಟ್ಟಲೆ ಆ ಹಟ್ಟಿಯತ್ತ ಎಳೆಯಿತು. ಹೀಗಿರುವಲ್ಲಿ ‘ಕಲೆಯನ್ನು ಜನರ ಬಳಿಗೆ ಒಯ್ಯುತ್ತೇವೆ’ ಎಂಬ ಮಾತಿಗೆ ಈ ಸೀಮೆಯಲ್ಲಿ ಅರ್ಥವೇ ಉಳಿಯುವುದಿಲ್ಲ. ಒಯ್ಯುವವನು ಬರುವುದಕ್ಕೆ ಮೊದಲೇ ಅದು ಅಲ್ಲಿದೆ.

ಇದಕ್ಕಿಂತ ಮುಖ್ಯವಾದುದು, ಚಿತ್ರಶಾಲೆಯ ಕಲಾವಿದ ತನ್ನದೆಂದು ತಿಳಿದಿರುವ ಎಷ್ಟೋ ಸಂಗತಿಗಳು ಇಂತಹ ಕೈಗಳಿಂದಲೇ ಅವನಿಗೆ ಬಂದಿವೆ ಎಂಬ ಅಂಶ. ಆಧುನಿಕ ಭಾರತೀಯ ಚಿತ್ರಕಲೆ ತನ್ನ ರೇಖೆ, ಬಣ್ಣ, ಆಕಾರಗಳನ್ನು ಹುಡುಕುತ್ತ ಹಳ್ಳಿಯ ಕಡೆಗೆ ಹೋದುದು ಎಲ್ಲರಿಗೂ ತಿಳಿದ ಇತಿಹಾಸ. ಇದೇ ಜಿಲ್ಲೆಯ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ನಿಸರ್ಗದೃಶ್ಯಗಳನ್ನು ಬರೆಯುತ್ತಲೇ ಊರೂರು ಸುತ್ತಿ ಜನಪದ ವಸ್ತುಗಳನ್ನು ಸಂಗ್ರಹಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡುದರಲ್ಲಿ ಅವರ ಶ್ರಮ ದೊಡ್ಡದು. ನಂಜುಂಡರಾಯರು ಬಯಲುಸೀಮೆಯ ತೊಗಲುಗೊಂಬೆಗಳನ್ನು ಹುಡುಕಿ ತಂದು ಅಧ್ಯಯನ ಮಾಡಿದರು. ಚಿತ್ರಕಲಾ ಪರಿಷತ್ತಿನಲ್ಲಿ ಅವುಗಳಿಗೆಂದೇ ಒಂದು ವಿಭಾಗವಿದೆ. ಅವರು ಹಾಗೆ ಮಾಡದಿದ್ದರೆ ಎಷ್ಟೋ ಗೊಂಬೆಗಳು ಮಣ್ಣುಪಾಲಾಗುತ್ತಿದ್ದವು. ಅವರ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೂ ತೊಗಲುಗೊಂಬೆಯೇ ಒಂದು ಪಾಠವನ್ನು ಹೇಳುತ್ತದೆ. ಕಿಳ್ಳೇಕ್ಯಾತ ಅಥವಾ ಸಿಳ್ಳೇಕ್ಯಾತರೆಂದು ಕರೆಸಿಕೊಳ್ಳುವ ಕಲಾವಿದರು ಚರ್ಮವನ್ನು ಹದಮಾಡಿ ತೆಳುವಾಗಿಸುತ್ತಾರೆ. ಬಣ್ಣ ಹಾಕಿ, ಅಂಚುಗಳಲ್ಲಿ ರಂಧ್ರಗಳನ್ನು ಕೊರೆಯುತ್ತಾರೆ. ಆಟದ ರಾತ್ರಿ ದೀಪ ಇರುವುದು ಗೊಂಬೆಯ ಹಿಂದೆ. ಬೆಳಕು ಚರ್ಮವನ್ನು ಹಾಯ್ದು, ಪರದೆಯನ್ನು ದಾಟಿ ಬರುವಾಗ ಕೆಂಪು ಕೆಂಡವಾಗಿ, ಹಸಿರು ಎಳೆಯ ಎಲೆಯಾಗಿ ಹೊಳೆಯುತ್ತದೆ. ಕೊರೆದ ರಂಧ್ರಗಳು ಆಭರಣಗಳಂತೆ ಮಿಂಚುತ್ತವೆ. ಚಿತ್ರಶಾಲೆಯ ಗೋಡೆಯ ಮೇಲೆ ಗಾಜಿನೊಳಗಿಟ್ಟು ಮುಂದಿನಿಂದ ಬೆಳಕು ಚೆಲ್ಲಿದಾಗ ಅದೇ ಗೊಂಬೆ ಮಂಕಾದ ಕಂದು ಬಣ್ಣದ ಚರ್ಮವಾಗಿ ಕಾಣುತ್ತದೆ. ವಸ್ತು ಉಳಿದಿದೆ, ಆದರೆ ಅದು ಯಾವುದಕ್ಕಾಗಿ ಹುಟ್ಟಿತೋ ಆ ಬೆಳಕೂ, ಅದನ್ನು ಕುಣಿಸುತ್ತಿದ್ದ ಕೈಯೂ, ಮಳೆಯಾಗಲೆಂದು ಆಟ ಆಡಿಸುತ್ತಿದ್ದ ಊರೂ ಅಲ್ಲಿಲ್ಲ. ಗೊಂಬೆಯನ್ನು ಪಡೆದ ಚಿತ್ರಶಾಲೆ ಗೊಂಬೆಯವನಿಗೆ ಋಣಿ. ಆ ಋಣವನ್ನು ತೀರಿಸುವ ದಿನ ಬಂದಾಗ, ಅಂದರೆ ಅವನನ್ನು ಕಾರ್ಯಕ್ರಮಕ್ಕೆ ಕರೆದಾಗ, ‘ನಿಮಗೊಂದು ವೇದಿಕೆ ಕೊಟ್ಟಿದ್ದೇವೆ’ ಎಂದು ಹೇಳಿದರೆ, ಸಾಲಗಾರನು ಸಾಲ ಕೊಟ್ಟವನಿಗೆ ಭಿಕ್ಷೆ ನೀಡಿದಂತಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ದಾನವನ್ನು ಇಷ್ಟು ಕೀಳಾಗಿ ಕಾಣುವುದೇಕೆ? ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ಪರಮ ಧರ್ಮವೆಂದು ಬಗೆದ ನಾಡಿದು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅದನ್ನು ಯಾರೂ ಅಹಂಕಾರವೆನ್ನಲಿಲ್ಲ, ‘ದಾನಚಿಂತಾಮಣಿ’ ಎಂದು ಕೊಂಡಾಡಿದರು. ಆಕ್ಷೇಪ ತೂಕವುಳ್ಳದ್ದು. ಆದರೆ ಆ ದಾನದ ಸ್ವರೂಪವನ್ನು ಗಮನಿಸಬೇಕು. ಓಲೆಯ ಪ್ರತಿಯನ್ನು ಪಡೆದವನು ಅದನ್ನು ಓದಬಹುದಾಗಿತ್ತು, ಇತರರಿಗೆ ಓದಿ ಹೇಳಬಹುದಾಗಿತ್ತು, ಅದರಿಂದ ಇನ್ನೊಂದು ಪ್ರತಿ ಮಾಡಿಸಬಹುದಾಗಿತ್ತು. ಪಡೆದವನೇ ಮುಂದೆ ಕೊಡುವವನಾಗುವ ದಾರಿ ಆ ದಾನದೊಳಗೇ ಇತ್ತು. ಅಷ್ಟೇ ಅಲ್ಲ, ಕೃತಿ ಪೊನ್ನನದೆಂಬುದನ್ನು ಆ ಸಾವಿರ ಪ್ರತಿಗಳಲ್ಲಿ ಒಂದೂ ಮರೆಮಾಚಲಿಲ್ಲ. ಪಡೆಯುವವನನ್ನು ಸಮಾನನನ್ನಾಗಿ ಮಾಡುವ ದಾನ ಋಣಸಂದಾಯಕ್ಕೆ ಬಹು ಹತ್ತಿರ ಬರುತ್ತದೆ. ಅವನನ್ನು ಸದಾ ಪಡೆಯುವವನಾಗಿಯೇ ಉಳಿಸುವ ದಾನ ಕೊಡುವವನ ಪರಿಗ್ರಹವನ್ನು ಕಡಿಮೆ ಮಾಡುವುದಿಲ್ಲ. ಅದು ಅವನ ಕೀರ್ತಿಯೆಂಬ ಇನ್ನೊಂದು ಪರಿಗ್ರಹವನ್ನು ಬೆಳೆಸುತ್ತದೆ.

ಎರಡನೆಯ ಆಕ್ಷೇಪ ವ್ಯವಹಾರದ್ದು. ಕಲಾವಿದರೇ ನಡೆಸುವ ಚಿತ್ರಶಾಲೆಗಳು ಧನಿಕರ ಅರಮನೆಗಳಲ್ಲ. ಬಾಡಿಗೆ, ದೀಪದ ಖರ್ಚು, ಚೌಕಟ್ಟಿನ ಖರ್ಚುಗಳನ್ನು ಕಲಾವಿದ ತನ್ನ ಸಂಬಳದಿಂದಲೋ ಚಿತ್ರ ಮಾರಿದ ಹಣದಿಂದಲೋ ತೂಗಿಸುತ್ತಾನೆ. ತನ್ನ ಮನೆಯ ಬಾಗಿಲನ್ನೇ ಊರಿಗೆ ತೆರೆದಿಟ್ಟವನನ್ನು ಸಾಲಗಾರನೆಂದು ಕರೆಯುವುದು ನ್ಯಾಯವೇ ಎಂದು ಕೇಳಬಹುದು. ಋಣವೆಂದರೆ ಹಣವೊಂದೇ ಎಂದು ತಿಳಿದಾಗ ಮಾತ್ರ ಈ ಆಕ್ಷೇಪ ನಿಲ್ಲುತ್ತದೆ. ಚಳ್ಳಕೆರೆ, ಮೊಳಕಾಲ್ಮೂರಿನ ಕೈಗಳಿಗೆ ಸಲ್ಲಬೇಕಾದ ಋಣದ ಬಹುಭಾಗ ಹಣದ ರೂಪದಲ್ಲಿಲ್ಲ. ಅದರ ಭಾಗಗಳನ್ನು ಒಂದೊಂದಾಗಿ ಎಣಿಸಬಹುದು.

ಮೊದಲನೆಯದು ಹೆಸರು. ಪ್ರದರ್ಶನಗಳಲ್ಲಿ ಚಿತ್ರದ ಕೆಳಗೆ ಕಲಾವಿದನ ಹೆಸರು, ವರ್ಷ, ಮಾಧ್ಯಮ ಎಲ್ಲವೂ ಇರುತ್ತವೆ. ಅದೇ ಕೋಣೆಯ ಮೂಲೆಯಲ್ಲಿ ಹಾಸಿದ ಕಂಬಳಿಯ ಕೆಳಗೆ ‘ಚಳ್ಳಕೆರೆ ಕಂಬಳಿ’ ಎಂದಿರುತ್ತದೆ; ಸೀರೆಯ ಕೆಳಗೆ ‘ಮೊಳಕಾಲ್ಮೂರು ರೇಷ್ಮೆ’ ಎಂದಿರುತ್ತದೆ. ಒಬ್ಬನಿಗೆ ಹೆಸರುಂಟು, ಇನ್ನೊಬ್ಬನಿಗೆ ಊರು ಮಾತ್ರ ಉಂಟು. ಊರಿನ ಹೆಸರು ಗೌರವದ್ದೇ ಆದರೂ ಅದು ಒಬ್ಬ ಮನುಷ್ಯನ ಹಗಲಿರುಳಿನ ದುಡಿಮೆಗೆ ಬದಲಾಗಲಾರದು. ಚಕ್ರವರ್ತಿಯ ಅಧಿಕಾರಿಗಳು ಬಂಡೆಯ ಮೇಲೆ ಲಿಪಿಕಾರನಿಗೆ ನೀಡಿದ ಜಾಗವನ್ನು ಅದೇ ತಾಲ್ಲೂಕಿನ ಚಿತ್ರಶಾಲೆಯೊಂದು ಒಂದು ತುಂಡು ಕಾಗದದ ಮೇಲೆ ನೀಡಲಾರದೆ?

ಎರಡನೆಯದು ಕೂಲಿ. ಪ್ರಾತ್ಯಕ್ಷಿಕೆಗೆ ಬಂದ ನೇಕಾರನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗುತ್ತವೆ. ಮಗ್ಗದಿಂದ ಎದ್ದುಬಂದ ಆ ದಿನದ ಮಜೂರಿ ಸಿಗುವುದೇ ಎಂಬುದನ್ನು ವಿಚಾರಿಸುವವರು ಕಡಿಮೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ನೆಲೆಸಿ, ಕೆರೆಗಳನ್ನು ಕಟ್ಟಿಸಿದವರೆಂದು ಜನ ಇಂದಿಗೂ ನೆನೆಯುವ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ಒಂದು ನೀತಿ ಪ್ರಸಿದ್ಧವಾಗಿದೆ: ಮಾಡಿದ ಕೆಲಸವೆಷ್ಟೋ ಅಷ್ಟು ಭಿಕ್ಷೆ ನೀಡಬೇಕು. ಭಿಕ್ಷೆ ಎಂಬ ಪದವನ್ನು ಉಳಿಸಿಕೊಂಡೇ ಅದರ ಅರ್ಥವನ್ನು ಕೂಲಿಯ ಕಡೆಗೆ ತಿರುಗಿಸಿದ ಈ ಮಾತು ಜಾತ್ರೆಗೆ ಬರುವ ಪ್ರತಿಯೊಬ್ಬರ ಬಾಯಲ್ಲಿದೆ. ಸನ್ಮಾನ ಕೂಲಿಯ ಜೊತೆಗೆ ಬಂದರೆ ಶೋಭೆ. ಕೂಲಿಯ ಬದಲಿಗೆ ಬಂದರೆ ಅದು ವಂಚನೆಯ ಸೌಮ್ಯ ರೂಪ.

ಮೂರನೆಯದು ಆಸನ. ಇದು ಕುರ್ಚಿಯ ಮಾತಲ್ಲ, ಹೊತ್ತು ಮತ್ತು ಭಾಷೆಯ ಮಾತು. ಶೇಂಗಾ ಕೀಳುವ ದಿನಗಳಲ್ಲಿ, ಸಂತೆಯ ಹೊತ್ತಿನಲ್ಲಿ, ಗ್ರಂಥಭಾಷೆಯ ಭಾಷಣಗಳೊಂದಿಗೆ ನಡೆಯುವ ಸಮಾರಂಭಕ್ಕೆ ಊರವರು ಬರಲಿಲ್ಲವೆಂದು ದೂರುವುದು ವ್ಯರ್ಥ. ಕೋಲಾರದ ಬೆಟ್ಟದ ಮೇಲಿನ ‘ಆದಿಮ’ ಬಳಗ ಹುಣ್ಣಿಮೆಯ ರಾತ್ರಿಗಳನ್ನು ಆರಿಸಿಕೊಂಡು ಹಾಡು, ನಾಟಕಗಳ ಕೂಟ ನಡೆಸುವ ಪದ್ಧತಿಯನ್ನು ಬೆಳೆಸಿತು. ಹಗಲೆಲ್ಲ ದುಡಿಯುವವರಿಗೆ ರಾತ್ರಿಯೇ ಬಿಡುವು, ಬೆಳದಿಂಗಳೇ ದಾರಿದೀಪ ಎಂಬ ತಿಳಿವಳಿಕೆಯನ್ನು ಅದರಲ್ಲಿ ಕಾಣಬಹುದು. ಬಯಲಾಟ, ತೊಗಲುಗೊಂಬೆ ಆಟಗಳೂ ಹೀಗೆಯೇ ಜನರ ಬಿಡುವನ್ನು ಕಾದು ನಡೆದವು. ಅತಿಥಿಯ ಹೊತ್ತನ್ನು ಕೇಳಿ ಅಡಿಗೆ ಮಾಡುವವನೇ ಆತಿಥೇಯ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು: ‘ಬೇಡ’ ಎನ್ನುವ ಅಧಿಕಾರ. ಈ ಸೀಮೆಯ ಮ್ಯಾಸಬೇಡರಿಗೆ ದೇವರ ಎತ್ತುಗಳ ಹಿಂಡುಗಳಿವೆ, ಪೆಟ್ಟಿಗೆಯಲ್ಲಿಟ್ಟು ಪೂಜಿಸುವ ದೇವರುಗಳಿವೆ; ಅವುಗಳನ್ನು ಯಾರು ಮುಟ್ಟಬೇಕು, ಎಂದು ಹೊರತೆಗೆಯಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ಕಲಾವಿದನ ಕಣ್ಣಿಗೆ ಅಂತಹ ಪೆಟ್ಟಿಗೆ ಅಪೂರ್ವ ಶಿಲ್ಪವಾಗಿ ಕಂಡೀತು. ಪ್ರದರ್ಶನಕ್ಕೆ ಕೇಳುವ ಆಸೆಯೂ ಹುಟ್ಟೀತು. ಆಗ ‘ಇದು ತೋರಿಸುವ ವಸ್ತುವಲ್ಲ’ ಎಂದು ಹಟ್ಟಿಯವರು ಹೇಳಿದರೆ ಆ ಮಾತನ್ನು ಅಜ್ಞಾನವೆನ್ನದೆ ಗೌರವದಿಂದ ಕೇಳಿ ಹಿಂದಿರುಗುವ ಚಿತ್ರಶಾಲೆ ಮಾತ್ರ ಆ ಜನರನ್ನು ಸಮಾನರೆಂದು ಬಗೆದಿದೆ ಎನ್ನಬಹುದು. ಕರೆದಾಗ ಬರುವ ಸ್ವಾತಂತ್ರ್ಯಕ್ಕಿಂತ, ಕರೆದರೂ ಬಾರದಿರುವ ಸ್ವಾತಂತ್ರ್ಯದಲ್ಲಿ ಮನುಷ್ಯನ ಘನತೆ ಹೆಚ್ಚು ಸ್ಪಷ್ಟವಾಗಿ ತೋರುತ್ತದೆ.

ಲೆಕ್ಕ ಕೇಳುವ ಅಧಿಕಾರವನ್ನು ಒಪ್ಪಿದ ಮೇಲೆ ಅಹಿತಕರ ಪ್ರಶ್ನೆಗಳಿಗೂ ಬಾಗಿಲು ತೆರೆದಿರಬೇಕು. ರೇಷ್ಮೆ ಸೀರೆಯ ಪ್ರದರ್ಶನದಲ್ಲಿ ಯಾರಾದರೂ ಎದ್ದು, ನೂಲು ತುಂಡಾಗದಿರಲೆಂದು ಗೂಡಿನೊಳಗಿನ ಜೀವವನ್ನು ಹಬೆಯಲ್ಲಿ ಕೊಲ್ಲುವ ಸಂಗತಿಯನ್ನು ಎತ್ತಬಹುದು. ಹೈದರಾಬಾದಿನ ಕುಸುಮ ರಾಜಯ್ಯ ಅವರು ಚಿಟ್ಟೆ ಹೊರಹಾರಿದ ಗೂಡಿನಿಂದಲೇ ನೂಲು ತೆಗೆದು ‘ಅಹಿಂಸಾ ರೇಷ್ಮೆ’ಯನ್ನು ರೂಪಿಸಿದರು, ಒಡೆದ ಗೂಡಿನ ಎಳೆಯನ್ನು ಹತ್ತಿಯಂತೆ ನೂಲಬೇಕಾದುದರಿಂದ ಅದರ ಹೊಳಪು ಕಡಿಮೆ, ಬೆಲೆ ಹೆಚ್ಚು. ಆಗ ನೇಕಾರನೂ ಎದ್ದು, ಆ ಹೆಚ್ಚಿನ ಬೆಲೆಯನ್ನು ತೆರುವವರು ಯಾರು, ಮಗ್ಗ ನಿಂತರೆ ತನ್ನ ಮನೆಯ ಗತಿಯೇನು ಎಂದು ಕೇಳುವನು. ತೊಗಲಿನ ಗೊಂಬೆಯ ವಿಷಯದಲ್ಲಿಯೂ ಇಂತಹ ಪ್ರಶ್ನೆ ಏಳಬಹುದು. ಕಂಬಳಿಯ ಕೂಟದಲ್ಲಿ ಇನ್ನೊಬ್ಬನು, ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣೆ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಹಂಚಿಕೆಯಾಗಿ ಗೋಡೆಗಳು ಎದ್ದ ಮೇಲೆ ಕುರಿ ಎಲ್ಲಿ ಮೇಯಬೇಕು ಎಂದು ಕೇಳಬಹುದು. ಇವುಗಳಲ್ಲಿ ಯಾವುದಕ್ಕೂ ಸುಲಭದ ಉತ್ತರವಿಲ್ಲ. ಆದರೆ ಈ ಪ್ರಶ್ನೆಗಳು ಏಳದಂತೆ ಅಚ್ಚುಕಟ್ಟಾಗಿ ಮುಗಿದ ಕಾರ್ಯಕ್ರಮದಲ್ಲಿ ಸಮುದಾಯ ಪಾಲ್ಗೊಂಡಿತೆಂದು ಹೇಳುವುದು ಸಾಧ್ಯವಿಲ್ಲ. ಅದು ಹಾಜರಿತ್ತು, ಅಷ್ಟೆ. ಒಂದೇ ಸೀರೆ ಜೀವದಯೆಯ ಕಣ್ಣಿಗೆ ಒಂದು ಬಗೆ, ಹಸಿದ ಹೊಟ್ಟೆಯ ಕಣ್ಣಿಗೆ ಇನ್ನೊಂದು ಬಗೆ, ಕಲಾರಸಿಕನ ಕಣ್ಣಿಗೆ ಮತ್ತೊಂದು ಬಗೆಯಾಗಿ ತೋರುವುದನ್ನು ಒಂದೇ ಕೋಣೆಯಲ್ಲಿ ಕುಳಿತು ಕೇಳಿಸಿಕೊಳ್ಳುವುದೇ ಚಿತ್ರಶಾಲೆ ನೀಡಬಹುದಾದ ಶಿಕ್ಷಣ.

ಕಲಾವಿದರಿಗೆ ಈ ನ್ಯಾಯ ಹೊಸದೇನಲ್ಲ. ಅವರೇ ಅದನ್ನು ಬೇರೊಂದು ಸಂದರ್ಭದಲ್ಲಿ ಎತ್ತಿಹಿಡಿದಿದ್ದಾರೆ. ಬೆಂಗಳೂರಿನಲ್ಲಿ ಕೆ. ವೆಂಕಟಪ್ಪನವರ ಹೆಸರಿನ ಸರ್ಕಾರಿ ಚಿತ್ರಶಾಲೆಯ ನಿರ್ವಹಣೆಯಲ್ಲಿ ಖಾಸಗಿ ಪ್ರತಿಷ್ಠಾನವೊಂದನ್ನು ಪಾಲುದಾರನನ್ನಾಗಿ ಮಾಡುವ ಒಪ್ಪಂದವಾದಾಗ, 2016ರಲ್ಲಿ ಕಲಾವಿದರು ಒಟ್ಟಾಗಿ ಪ್ರತಿಭಟಿಸಿದರು. ಚಿತ್ರಶಾಲೆಯ ಭವಿಷ್ಯವನ್ನು ಅದನ್ನು ಬಳಸುವವರನ್ನು ಕೇಳದೆ ನಿರ್ಧರಿಸಬಾರದು ಎಂಬುದು ಅವರ ವಾದದ ತಿರುಳಾಗಿತ್ತು. ಕಟ್ಟಡವನ್ನು ಸುಂದರಗೊಳಿಸುವ ಭರವಸೆಯಿಂದ ಆ ಹಕ್ಕು ತೀರಿಹೋಗುವುದಿಲ್ಲ ಎಂಬುದನ್ನು ಅವರು ಸರಿಯಾಗಿಯೇ ಕಂಡರು. ಸರ್ಕಾರದ ಮುಂದೆ ಕಲಾವಿದ ಯಾವ ಮಾತನ್ನು ಆಡಿದನೋ, ಅದೇ ಮಾತನ್ನು ಕಲಾವಿದನ ಮುಂದೆ ಕಂಬಳಿ ನೇಯುವವನು ಆಡಬಹುದು: ‘ನನ್ನ ಕೆಲಸವನ್ನು ನೀವು ಹೇಗೆ ತೋರಿಸುತ್ತೀರಿ ಎಂಬುದನ್ನು ನನ್ನನ್ನು ಕೇಳಿ ನಿರ್ಧರಿಸಿರಿ.’ ಮೇಲಿನವರಿಂದ ಬಯಸಿದ ನ್ಯಾಯವನ್ನು ಪಕ್ಕದವರಿಗೆ ನೀಡುವುದರಲ್ಲಿಯೇ ಆ ನ್ಯಾಯದ ಪರೀಕ್ಷೆ ಇದೆ.

ಇಷ್ಟು ಹೇಳಿದ ಮೇಲೆ ಸಮುದಾಯದ ಕಡೆಯ ಹೊಣೆಯನ್ನೂ ಹೇಳದಿದ್ದರೆ ವಿಚಾರ ಏಕಪಕ್ಷೀಯವಾಗುತ್ತದೆ. ಸಾಲ ಕೊಟ್ಟವನು ಸಾಲವನ್ನು ಮರಳಿ ಕೇಳಬಹುದು. ಸಾಲಗಾರನ ಮನಸ್ಸನ್ನೇ ಒತ್ತೆಯಿಡಿಸಿಕೊಳ್ಳುವಂತಿಲ್ಲ. ಊರವರು ಚಿತ್ರಶಾಲೆಗೆ ಬರುವವರಾದರೆ, ತಮಗೆ ಅರ್ಥವಾಗದ ಚಿತ್ರದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲುವ ತಾಳ್ಮೆಯನ್ನು ತರಬೇಕು. ದೇವರ ಪಟ, ಊರ ಹಿರಿಯರ ಭಾವಚಿತ್ರ, ಮುಖಂಡರ ಮೂರ್ತಿ ಇವುಗಳನ್ನಲ್ಲದೆ ಬೇರೇನನ್ನೂ ಮಾಡಬಾರದೆಂದು ಕಲಾವಿದನನ್ನು ಒತ್ತಾಯಿಸಿದರೆ ಅದು ಋಣವಸೂಲಿಯಲ್ಲ, ದಬ್ಬಾಳಿಕೆ. ತೊಗಲುಗೊಂಬೆಯ ಪರಂಪರೆಯೇ ಇದಕ್ಕೆ ಒಳ್ಳೆಯ ನಿದರ್ಶನ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಗೊಂಬೆಗಳಿಗೆ ಒಗ್ಗಿದ್ದ ಪರದೆಯ ಮೇಲೆ ಗಾಂಧೀಜಿಯವರ ಬದುಕನ್ನು ‘ಬಾಪು’ ಎಂಬ ಆಟವಾಗಿ ತಂದರು. ಹಳೆಯದನ್ನೇ ಆಡಿಸೆಂದು ಜನ ಹಟ ಹಿಡಿದಿದ್ದರೆ ಆ ಆಟ ಹುಟ್ಟುತ್ತಿರಲಿಲ್ಲ. ಅವರು 2023ರ ಏಪ್ರಿಲ್‌ನಲ್ಲಿ ಚಳ್ಳಕೆರೆಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಹೊಸತನ್ನು ಆಡಿಸಿದ ಕಲಾವಿದ ಹಾಗೂ ಅದನ್ನು ಒಪ್ಪಿ ನೋಡಿದ ಜನ, ಈ ಇಬ್ಬರ ಔದಾರ್ಯವೂ ಸೇರಿಯೇ ಪರಂಪರೆ ಮುಂದೆ ಸಾಗುತ್ತದೆ.

ಆದುದರಿಂದ ಚಿತ್ರಶಾಲೆಯ ಸಮುದಾಯ ಕಾರ್ಯಕ್ರಮವನ್ನು ಅಳೆಯಬೇಕಾದುದು ಬಂದವರ ಸಂಖ್ಯೆಯಿಂದಲ್ಲ, ಮರುದಿನ ಪತ್ರಿಕೆಯಲ್ಲಿ ಬಂದ ಚಿತ್ರದಿಂದಲೂ ಅಲ್ಲ. ಬಂದವರ ಹೆಸರು ಬರೆಯಲ್ಪಟ್ಟಿತೆ, ಅವರ ದಿನದ ದುಡಿಮೆ ತುಂಬಲ್ಪಟ್ಟಿತೆ, ಅವರ ಹೊತ್ತಿಗೆ ಕೂಟ ನಡೆಯಿತೆ, ಅವರ ‘ಬೇಡ’ ಕೇಳಿಸಿತೆ ಎಂಬ ನಾಲ್ಕು ಸಣ್ಣ ಪ್ರಶ್ನೆಗಳು ಸಾಕು. ಇವಕ್ಕೆ ಹೌದೆಂದು ಉತ್ತರಿಸಬಲ್ಲ ಚಿತ್ರಶಾಲೆ ಒಂದೇ ಕೋಣೆಯದಾದರೂ, ಅದರ ಗೋಡೆಗೆ ಸುಣ್ಣ ಮಾತ್ರ ಇದ್ದರೂ, ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಊರಿನದಾಗಿ ಉಳಿಯುತ್ತದೆ. ಅಂತಹ ಕೋಣೆಯ ಬಾಗಿಲಲ್ಲಿ ನಿಂತ ಕಲಾವಿದನಿಗೆ ತಾನು ಕೊಡುತ್ತಿದ್ದೇನೆಂಬ ಭಾರವಿರುವುದಿಲ್ಲ. ಒಳಗೆ ಬರುವವನಿಗೆ ತಾನು ಪಡೆಯುತ್ತಿದ್ದೇನೆಂಬ ಸಂಕೋಚವೂ ಇರುವುದಿಲ್ಲ.